ಮುಖ ಮುಚ್ಚಿಕೊಂಡ ಅಕ್ಕರೆ

ಮರಿಗೆ ಹಾಲು ಕುಡಿಸಲು ಹೊರಟವರು ಮೊದಲು ಮೈ ಮುಚ್ಚುವಂಥ ಕಪ್ಪು ನಿಲುವಂಗಿ ತೊಡುತ್ತಾರೆ. ಆಮೇಲೆ ವೆಲ್ಡಿಂಗ್ ಕೆಲಸದವರು ಹಾಕಿಕೊಳ್ಳುವ ಕಪ್ಪು ಮುಖವಾಡ. ಆಮೇಲಷ್ಟೇ ಬಾಟಲಿ. ತಾಯಿ ತಪ್ಪಿದ ಆ ಕಡಲ ನೀರುನಾಯಿ ಮರಿಗೆ ತನ್ನನ್ನು ಸಾಕುತ್ತಿರುವುದು ಮನುಷ್ಯ ಎಂದು ಗೊತ್ತಾಗಬಾರದು.

ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂನಲ್ಲಿ ಹೀಗೊಂದು ಪದ್ಧತಿ ಇದೆ. ನಮ್ಮ ಕರಾವಳಿಯ ಬೂತಾಯಿಯ ಬಳಗಕ್ಕೆ ಸೇರಿದ ಸಾರ್ಡೀನ್ ಮೀನನ್ನು ಡಬ್ಬಿಗೆ ತುಂಬುತ್ತಿದ್ದ ಹಳೆಯ ಕಾರ್ಖಾನೆಯ ಜಾಗದಲ್ಲಿ 1984ರಲ್ಲಿ ಬಾಗಿಲು ತೆರೆದ ಸಂಸ್ಥೆ ಅದು. ನೋಡಲಿಕ್ಕೆಂದೇ ಕಟ್ಟಿದ ಮನೆ. ಆದರೆ ನನ್ನ ಬೆರಗೆಲ್ಲ ಹರಿಯುವುದು ಟಿಕೆಟ್ ಕೊಂಡವರಿಗೂ ಪ್ರವೇಶವಿಲ್ಲದ ಹಿಂಬದಿಯ ತೊಟ್ಟಿಗಳ ಕಡೆಗೆ.

ಕಡಲ ನೀರುನಾಯಿ ನಮ್ಮ ಕಾವೇರಿ, ತುಂಗಭದ್ರೆಯ ನೀರುನಾಯಿಗಳ ದಾಯಾದಿ. ತಣ್ಣನೆಯ ಸಮುದ್ರದಲ್ಲಿ ಬದುಕುವ ತಿಮಿಂಗಿಲಕ್ಕೆ, ಸೀಲ್‌ಗೆ ದಪ್ಪ ಕೊಬ್ಬಿನ ಪದರವಿದೆ, ಇದಕ್ಕಿಲ್ಲ. ಇರುವುದೆಲ್ಲ ತುಪ್ಪಳ. ಚದರ ಅಂಗುಲಕ್ಕೆ ಹತ್ತು ಲಕ್ಷ ಕೂದಲಿನವರೆಗೂ ಇರುವ ಆ ತುಪ್ಪಳಕ್ಕಾಗಿಯೇ ಜನ ಅದನ್ನು ಬೇಟೆಯಾಡಿ ಮುಗಿಸುತ್ತ ಬಂದರು. ಬೇಟೆಗೆ ಕಡಿವಾಣ ಹಾಕುವ ಒಪ್ಪಂದ 1911ರಲ್ಲಿ ಆಗುವ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಉಳಿದಿದ್ದವು ಸುಮಾರು 50. ಈಗಿರುವ ಸುಮಾರು 3,000 ಪ್ರಾಣಿಗಳು ಅವುಗಳ ಸಂತಾನ.

ಮರಿಯ ತುಪ್ಪಳದಲ್ಲಿ ಎಷ್ಟು ಗಾಳಿ ತುಂಬಿರುತ್ತದೆಂದರೆ ಅದು ಬೆಂಡಿನ ಹಾಗೆ ತೇಲುತ್ತದೆ, ಬೇಕೆಂದರೂ ಮುಳುಗಲಾರದು. ತಾಯಿ ಆಹಾರಕ್ಕೆ ತಳಕ್ಕಿಳಿಯುವ ಮುಂಚೆ ಅದನ್ನು ಕೆಲ್ಪ್ ಎಂಬ ಉದ್ದನೆಯ ಕಡಲಪಾಚಿಯಲ್ಲಿ ಸುತ್ತಿ, ಅಲೆಗೆ ಕೊಚ್ಚಿಹೋಗದಂತೆ ಬಿಟ್ಟು ಹೋಗುತ್ತಾಳೆ. ಮುಳುಗುವುದು, ಹುಡುಕುವುದು, ಎದೆಯ ಮೇಲೆ ಕಲ್ಲಿಟ್ಟುಕೊಂಡು ಚಿಪ್ಪು ಕುಟ್ಟುವುದು, ಎಲ್ಲಕ್ಕೂ ಅವಳೇ ಗುರು. ಮೊದಮೊದಲು ಈ ಪಾಠವನ್ನು ಅಕ್ವೇರಿಯಂನವರೇ ಮಾಡಿದರು. ಮರಿಯ ಜೊತೆ ಕೊಲ್ಲಿಯಲ್ಲಿ ಈಜಿದರು. ಮರಿಗಳು ಕಲಿತವು ನಿಜ, ಜೊತೆಗೆ ಮನುಷ್ಯರನ್ನು ಹಚ್ಚಿಕೊಂಡೂ ಬಿಟ್ಟವು. ಕಡಲಿಗೆ ಬಿಟ್ಟ ಮೇಲೂ ಜನ ಕಂಡಲ್ಲಿಗೆ ಬಂದವು. ನಮಗೆ ಮುದ್ದೆನಿಸುವ ಈ ಸಲಿಗೆ ಕಾಡುಪ್ರಾಣಿಗೆ ಮುಳುವು.

2001ರಲ್ಲಿ ದಡಕ್ಕೆ ಬಂದು ಬಿದ್ದಿದ್ದ ಟೂಲಾ ಎಂಬ ಗರ್ಭಿಣಿ ನೀರುನಾಯಿಯನ್ನು ತಂದರು. ಅವಳಿಗೆ ಫಿಟ್ಸ್ ಬರುತ್ತಿತ್ತು. ಅವಳ ಮರಿ ಸತ್ತೇ ಹುಟ್ಟಿತು. ಅದೇ ಹೊತ್ತಿಗೆ ಅನಾಥ ಮರಿಯೊಂದು ಬಂದಿತ್ತು. ಅವಳ ಬಳಿ ಬಿಟ್ಟು ನೋಡಿದರು. ಅವಳು ಅದನ್ನು ಎತ್ತಿ ಎದೆಗೆ ಹಾಕಿಕೊಂಡಳು. ದಿನವೂ ಔಷಧಿ ಬೇಕಾಗಿದ್ದರಿಂದ ಟೂಲಾಳನ್ನು ಕಡಲಿಗೆ ಬಿಡುವಂತಿರಲಿಲ್ಲ. 2012ರಲ್ಲಿ ತೀರಿಕೊಳ್ಳುವವರೆಗೆ ಅವಳು ಪರರ 13 ಮರಿಗಳನ್ನು ಸಾಕಿದಳು. ತನಗಿಲ್ಲದ ಕಡಲಿನ ಬದುಕನ್ನು ತೊಟ್ಟಿಯಲ್ಲಿದ್ದುಕೊಂಡೇ ಕಲಿಸಿದಳು.

ಇಷ್ಟೆಲ್ಲ ಗೊತ್ತಿದ್ದೂ ಗಾಜಿನ ಹಿಂದಿನ ಜೀವವನ್ನು ನೋಡುವಾಗ ಆಗುವ ಇರಿಸುಮುರಿಸು ನನ್ನನ್ನು ಬಿಟ್ಟಿಲ್ಲ. ಬಿಡಬೇಕೆಂದೂ ಅನ್ನಿಸುವುದಿಲ್ಲ. ಬೆರಗು ಅಷ್ಟೇನೂ ನಿರಪಾಯಕಾರಿಯಲ್ಲ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಅದರ ಹಿಂದಿದ್ದ ಫಿಲಿಪ್ ಹೆನ್ರಿ ಗಾಸ್ ಕಡಲಂಚಿನ ಬಂಡೆಗುಂಡಿಗಳ ಜೀವಲೋಕದ ಬಗ್ಗೆ ಎಷ್ಟು ಸೊಗಸಾಗಿ ಬರೆದರೆಂದರೆ, ಓದಿದವರು ದಡಕ್ಕೆ ನುಗ್ಗಿ ಆ ಗುಂಡಿಗಳನ್ನೇ ಬರಿದು ಮಾಡಿದರು. ಮಗ ಎಡ್ಮಂಡ್ ಗಾಸ್ ಮುಂದೆ ಇದನ್ನು ನೋವಿನಿಂದ ನೆನೆದಿದ್ದಾರೆ. ಇಷ್ಟವಾದದ್ದನ್ನು ಮನೆಗೆ ಒಯ್ಯಬೇಕೆನ್ನುವ ಆಸೆಗೂ ಮುಖವಾಡ ತೊಟ್ಟು ಹಾಲು ಕುಡಿಸುವ ಸಂಯಮಕ್ಕೂ ಮೂಲ ಒಂದೇ ಬೆರಗು. ನಡುವೆ ನೂರೈವತ್ತು ವರ್ಷಗಳ ಪಾಠವಿದೆ, ಅಷ್ಟೇ.

ಮಾಂಟೆರೆಯ ಅಕ್ವೇರಿಯಂನ ಕೆಲ್ಪ್ ಕಾಡಿನ ತೊಟ್ಟಿ 28 ಅಡಿ ಎತ್ತರ. ಹಗಲು ಅದಕ್ಕೆ ಬರುವ ಕಡಲ ನೀರನ್ನು ಸೋಸುತ್ತಾರೆ, ನಮ್ಮ ಕಣ್ಣಿಗೆ ತಿಳಿಯಾಗಿ ಕಾಣಲಿ ಎಂದು. ಜನ ಹೋದ ಮೇಲೆ, ರಾತ್ರಿ, ಸೋಸದ ನೀರು. ಕಣ್ಣಿಗೆ ಕಾಣದ ಪ್ಲಾಂಕ್ಟನ್, ಬೀಜಕಣ, ಮರಿಹುಳು ಎಲ್ಲವನ್ನೂ ಹೊತ್ತ ಕೊಲ್ಲಿಯ ನಿಜ ನೀರು ಆಗ ಒಳಗೆ ಬರುತ್ತದೆ. ಹಗಲಿನ ನೀರು ನಮಗೆ, ಇರುಳಿನದು ಅವಕ್ಕೆ. ಈ ಹಂಚಿಕೆ ನನಗೆ ತುಂಬ ಹಿಡಿಸಿತು.

ಟೂಲಾ ಮತ್ತು ಅವಳಂಥ ಸಾಕುತಾಯಂದಿರ ಬಳಿ ಬೆಳೆದ ಮರಿಗಳು ಏನಾದವು? 2002ರಿಂದ 2016ರ ನಡುವೆ ಸಾಕುತಾಯಂದಿರು ಬೆಳೆಸಿದ 37 ಮರಿಗಳನ್ನು ಕಡಲಿಗೆ ಬಿಟ್ಟರು. ಪಕ್ಕದ ಎಲ್ಕ್‌ಹಾರ್ನ್ ಸ್ಲೂ ಅಳಿವೆಯಲ್ಲಿ ಆ ಅವಧಿಯಲ್ಲಿ ಹೆಚ್ಚಿದ ನೀರುನಾಯಿಗಳಲ್ಲಿ ಅರ್ಧಕ್ಕೂ ಮಿಕ್ಕ ಪಾಲು ಇವುಗಳದ್ದು, ಇವುಗಳ ಸಂತತಿಯದ್ದು. ಸುತ್ತಲಿನ ಹೊಲಗಳಿಂದ ಗೊಬ್ಬರದ ಅಂಶ ಹರಿದು ಬಂದು ಅಲ್ಲಿನ ಕಡಲಹುಲ್ಲಿನ ಮೇಲೆ ಪಾಚಿ ಕಟ್ಟುತ್ತದೆ. ಪಾಚಿಯನ್ನು ಪುಟ್ಟ ಕಡಲಗೊಂಡೆಹುಳುಗಳು ಮೇಯುತ್ತವೆ, ಅವನ್ನು ಏಡಿ ತಿನ್ನುತ್ತದೆ, ಏಡಿಯನ್ನು ನೀರುನಾಯಿ. ನೀರುನಾಯಿ ಹೆಚ್ಚಿದಂತೆ ಏಡಿ ತಗ್ಗಿ, ಹುಳು ಹೆಚ್ಚಿ, ಪಾಚಿ ಕಳಚಿ, ಹುಲ್ಲಿಗೆ ಮತ್ತೆ ಬಿಸಿಲು ಸಿಕ್ಕಿತು.

ಟೂಲಾಳ ಫಿಟ್ಸ್‌ಗೆ ಬೆಕ್ಕಿನ ಹೊಟ್ಟೆಯಲ್ಲಿ ವೃದ್ಧಿಯಾಗುವ ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿಯೇ ಕಾರಣವಿರಬೇಕೆಂದು ವೈದ್ಯರು ಅಂದಾಜು ಮಾಡಿದ್ದರು. ಬೆಕ್ಕಿನ ಮಲದಿಂದ ಅದು ಮಳೆನೀರಿನ ಜೊತೆ ಕಡಲು ಸೇರುತ್ತದೆ. 2006ರಲ್ಲಿ ಕ್ಯಾಲಿಫೋರ್ನಿಯಾ ಕಾನೂನನ್ನೇ ಮಾಡಿತು: ಸಾಕುಬೆಕ್ಕು ಮಲ ಮಾಡಲು ಹಾಕುವ ಪುಡಿಯ ಚೀಲಗಳ ಮೇಲೆ, ಇದನ್ನು ಕಕ್ಕಸಿಗೆ, ಚರಂಡಿಗೆ ಸುರಿಯಬೇಡಿ ಎಂದು ಅಚ್ಚು ಹಾಕಿಸಲೇಬೇಕು. ಅಂಗಡಿಯಲ್ಲಿ ಆ ಚೀಲ ಎತ್ತಿಕೊಳ್ಳುವ ಎಷ್ಟೋ ಜನ ನೀರುನಾಯಿಯನ್ನು ಒಮ್ಮೆಯೂ ಕಂಡಿರಲಿಕ್ಕಿಲ್ಲ.