ನೀತಿ, ನ್ಯಾಯ ಮತ್ತು ಪ್ರೌಢಶಾಲಾ ಕ್ರೀಡಾಕೂಟ

ಒಂದು ಸ್ಪರ್ಧೆ ನ್ಯಾಯವಾಗಿ ನಡೆಯಿತೆನ್ನಲು ಎಲ್ಲರಿಗೂ ಒಂದೇ ನಿಯಮ ಅನ್ವಯವಾದರೆ ಸಾಕೇ, ಇಲ್ಲವೇ ಸ್ಪರ್ಧಿಗಳು ಆರಂಭದ ಗೆರೆಯವರೆಗೆ ಬಂದ ದಾರಿಯೂ ಲೆಕ್ಕಕ್ಕೆ ಬರಬೇಕೇ ಎಂಬುದು ನೀತಿಶಾಸ್ತ್ರದ ಹಳೆಯ ಪ್ರಶ್ನೆಗಳಲ್ಲೊಂದು. ಕರ್ನಾಟಕದಲ್ಲಿ ಶಾಲಾ ಶಿಕ್ಷಣ ಇಲಾಖೆ ನಡೆಸುವ ಪ್ರೌಢಶಾಲಾ ಕ್ರೀಡಾಕೂಟಗಳಲ್ಲಿ ಈ ಪ್ರಶ್ನೆ ವರ್ಷವರ್ಷವೂ ಮೈದಾನಕ್ಕೇ ಇಳಿದು ಬರುತ್ತದೆ. ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಂಥ ಊರಿನ ಸರ್ಕಾರಿ ಶಾಲೆಯ ಓಟಗಾರ್ತಿ ವಲಯ ಮಟ್ಟದಲ್ಲಿ ಗೆದ್ದು ತಾಲ್ಲೂಕಿಗೆ, ಅಲ್ಲಿಂದ ದಾವಣಗೆರೆ ಜಿಲ್ಲಾ ಕೂಟಕ್ಕೆ, ಆಮೇಲೆ ವಿಭಾಗ ಮತ್ತು ರಾಜ್ಯ ಮಟ್ಟಕ್ಕೆ ಏರಬೇಕು. ಪ್ರತಿ ಮೆಟ್ಟಿಲಿನಲ್ಲೂ ಸರ್ಕಾರಿ, ಅನುದಾನಿತ, ಅನುದಾನರಹಿತ ಎಂಬ ಭೇದವಿಲ್ಲದೆ ಎಲ್ಲ ಶಾಲೆಗಳ ಮಕ್ಕಳೂ ಒಟ್ಟಿಗೇ ಓಡುತ್ತಾರೆ. ವಯಸ್ಸಿನ ಮಿತಿ ಒಂದೇ, ದೂರ ಒಂದೇ, ಸೀಟಿಯೂ ಒಂದೇ.

ಅಮರ್ತ್ಯ ಸೇನ್ 2009ರಲ್ಲಿ ಪ್ರಕಟಿಸಿದ ನ್ಯಾಯವನ್ನು ಕುರಿತ ಗ್ರಂಥದಲ್ಲಿ ಸಂಸ್ಕೃತದ ಎರಡು ಪದಗಳನ್ನು ಬೇರೆಬೇರೆಯಾಗಿ ಬಳಸುತ್ತಾರೆ. ನಿಯಮ ಮತ್ತು ಸಂಸ್ಥೆಗಳ ಔಚಿತ್ಯ ಅವರಿಗೆ ನೀತಿ; ಆ ನಿಯಮಗಳ ನೆರಳಿನಲ್ಲಿ ಜನರಿಗೆ ವಾಸ್ತವವಾಗಿ ಒದಗಿದ ಬದುಕು ನ್ಯಾಯ. ಈ ಅಳತೆಗೋಲಿನಿಂದ ನೋಡಿದರೆ ಶಾಲಾ ಕ್ರೀಡಾಕೂಟದಲ್ಲಿ ನೀತಿ ಬಹುಮಟ್ಟಿಗೆ ಇದೆ, ನ್ಯಾಯ ಇನ್ನೂ ದೂರದಲ್ಲಿದೆ. ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1962ರ ಪ್ರಬಂಧವೊಂದರಲ್ಲಿ ಕಲ್ಪಿಸಿದ ಯೋಧರ ಸಮಾಜ ಇಲ್ಲಿ ಇನ್ನಷ್ಟು ಹತ್ತಿರದ್ದು. ಅಲ್ಲಿ ಯೋಧನ ಪದವಿ ಮೊದಲು ಶ್ರೀಮಂತ ಮನೆತನಗಳಿಗಷ್ಟೇ ಮೀಸಲಾಗಿದ್ದು, ಮುಂದೆ ಸುಧಾರಕರ ಒತ್ತಾಯದಿಂದ ದೇಹಬಲದ ಪರೀಕ್ಷೆಯ ಮೂಲಕ ಎಲ್ಲರಿಗೂ ತೆರೆದುಕೊಳ್ಳುತ್ತದೆ. ಆದರೂ ಗೆಲ್ಲುವವರು ಹೆಚ್ಚುಕಡಿಮೆ ಅದೇ ಮನೆತನಗಳವರು, ಏಕೆಂದರೆ ಉಳಿದವರು ಹೊಟ್ಟೆಗಿಲ್ಲದೆ ಸೊರಗಿದ್ದಾರೆ. ಬಾಗಿಲು ತೆರೆದಿದೆ ಎಂಬ ಮಾತು ಅಲ್ಲಿ ಸುಳ್ಳಲ್ಲ, ಆದರೆ ಸಾಲದು. ಕರ್ನಾಟಕ ಸರ್ಕಾರ ಹತ್ತನೆಯ ತರಗತಿಯವರೆಗೂ ನಡೆಸುವ ಅಕ್ಷರ ದಾಸೋಹದ ಬಿಸಿಯೂಟ ಮತ್ತು 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ವಿಲಿಯಮ್ಸ್ ಎತ್ತಿದ ಆಕ್ಷೇಪಕ್ಕೆ ಕೊಟ್ಟ ಉತ್ತರಗಳೇ ಎನ್ನಬಹುದು. ಕ್ರೀಡೆಯ ಹೆಸರಿನಲ್ಲಿ ಬಂದವಲ್ಲದಿದ್ದರೂ ಕ್ರೀಡೆಗೆ ಸಂದ ಅತಿ ದೊಡ್ಡ ನೆರವು ಇವೇ.

ಅನ್ನದಿಂದಾಚೆಗಿನ ಅಂತರ ಎಲ್ಲ ಆಟಗಳಲ್ಲೂ ಒಂದೇ ಸಮನಾಗಿಲ್ಲ. ಕಬಡ್ಡಿಗೂ ಖೊಖೊಗೂ ಒಂದಿಷ್ಟು ನೆಲ ಮತ್ತು ಮನಸ್ಸಿಟ್ಟು ಕಲಿಸುವ ಮೇಷ್ಟರು ಇದ್ದರೆ ಸಾಕಾದ್ದರಿಂದ, ಹಳ್ಳಿಯ ಶಾಲೆಗಳು ಅಲ್ಲಿ ಯಾರಿಗೂ ಮಣಿಯಬೇಕಿಲ್ಲ. ಈಜಿನ ಕಥೆ ಬೇರೆ. ಕೆರೆಬಿಳಚಿಯ ಪಕ್ಕದಲ್ಲೇ ಶಾಂತಿಸಾಗರವೆಂದೂ ಹೆಸರಿರುವ ವಿಶಾಲವಾದ ಸೂಳೆಕೆರೆ ಹರಡಿಕೊಂಡಿದೆ, ಕಣ್ಣು ಹಾಯುವಷ್ಟು ದೂರ ನೀರಿದೆ. ಆದರೆ ಸ್ಪರ್ಧೆಯ ಈಜು ಅಳತೆಯ ಕೊಳ, ಗೆರೆ ಎಳೆದ ಪಥ, ತಿರುವು ಕಲಿಸುವ ತರಬೇತುದಾರ, ದಿನವೂ ಬೆಳಗಿನ ಅಭ್ಯಾಸ ಇವೆಲ್ಲವನ್ನೂ ಬೇಡುತ್ತದೆಯಾದ್ದರಿಂದ, ನೀರಿನ ದಡದಲ್ಲೇ ಬೆಳೆದ ಮಗುವಿಗಿಂತ ನಗರದಲ್ಲಿ ಶುಲ್ಕ ಕೊಟ್ಟು ಕೊಳಕ್ಕಿಳಿಯುವ ಮಗುವಿಗೆ ಪದಕ ಹತ್ತಿರವಾಗುತ್ತದೆ. ಸಾಮರ್ಥ್ಯವನ್ನು ಅಳೆಯುತ್ತೇವೆಂದು ಹೊರಟ ಗಡಿಯಾರ ಇಲ್ಲಿ ಸೌಲಭ್ಯವನ್ನೂ ಸೇರಿಸಿಯೇ ಅಳೆಯುತ್ತದೆ. ಪದಕ ಮುಂದೆ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಕ್ರೀಡಾ ಕೋಟಾದ ಅರ್ಹತೆಯಾಗಿಯೂ ಒದಗಬಲ್ಲುದಾದ್ದರಿಂದ ಇದು ಬರಿಯ ಆಟದ ಮಾತಾಗಿ ಉಳಿಯುವುದಿಲ್ಲ.

ಅಮೆರಿಕದ ಕೆಲವು ರಾಜ್ಯಗಳು ಇದಕ್ಕೆ ವಿಂಗಡಣೆಯ ಪರಿಹಾರ ಹುಡುಕಿವೆ. ಇಲಿನಾಯ್‌ನಲ್ಲಿ ಖಾಸಗಿ ಶಾಲೆಯ ವಿದ್ಯಾರ್ಥಿ ಸಂಖ್ಯೆಯನ್ನು 1.65ರಿಂದ ಗುಣಿಸಿ, ಅದನ್ನು ತನಗಿಂತ ದೊಡ್ಡ ಶಾಲೆಗಳ ಗುಂಪಿನಲ್ಲಿ ಆಡಿಸುವ ಕ್ರಮ ಬಂತು. ಟೆನೆಸಿ 1997ರಲ್ಲಿ, ಕ್ರೀಡಾಪಟುಗಳಿಗೆ ಶುಲ್ಕದ ನೆರವು ಕೊಡುವ ಖಾಸಗಿ ಶಾಲೆಗಳಿಗೆ ಪ್ರತ್ಯೇಕ ವಿಭಾಗವನ್ನೇ ಮಾಡಿತು. ಕರ್ನಾಟಕದಲ್ಲಿ ಇದೇ ದಾರಿ ಹಿಡಿಯುವುದು ಸರಿಯಲ್ಲ. ಇಲ್ಲಿನ ಗಡಿಗಳು ಅಷ್ಟು ಸ್ಪಷ್ಟವಾಗಿಲ್ಲ: ಬಡ ಮಕ್ಕಳೇ ತುಂಬಿರುವ ಅನುದಾನಿತ ಶಾಲೆಗಳಿವೆ, ಸರ್ಕಾರವೇ ಆರಿಸಿ ತರಬೇತಿ ಕೊಡುವ ಕ್ರೀಡಾನಿಲಯದ ಮಕ್ಕಳಿದ್ದಾರೆ. ಅದಕ್ಕಿಂತ ಗಹನವಾದ ಕಾರಣವೊಂದಿದೆ. ಇಲ್ಲಿ ಕೂಟವನ್ನು ನಡೆಸುವ ಇಲಾಖೆಯೇ ಸರ್ಕಾರಿ ಶಾಲೆಗಳನ್ನೂ ನಡೆಸುತ್ತದೆ. ಮೈದಾನವಿಲ್ಲದಿರುವುದಕ್ಕೆ, ದೈಹಿಕ ಶಿಕ್ಷಕರ ಹುದ್ದೆ ಖಾಲಿ ಉಳಿಯುವುದಕ್ಕೆ ಹೊಣೆ ಹೊರಬೇಕಾದವರೂ ತೀರ್ಪು ಕೊಡುವವರೂ ಒಂದೇ ಕಡೆಯವರು. ಅಂಥ ಇಲಾಖೆ ಸರ್ಕಾರಿ ಶಾಲೆಗಳಿಗೆ ಬೇರೆ ಪದಕ ಹಂಚಿದರೆ, ತಾನು ಮಾಡದೆ ಬಿಟ್ಟ ಕೆಲಸವನ್ನು ಮಕ್ಕಳ ಕೊರತೆಯೆಂದು ದಾಖಲಿಸಿದಂತೆ ಆಗುತ್ತದೆ. ಎಲ್ಲರೊಡನೆ ಓಡಿ ಎಲ್ಲರನ್ನೂ ಹಿಂದಿಕ್ಕುವ ಹಕ್ಕನ್ನು ಆ ಮಗುವಿನಿಂದ ಕಸಿದುಕೊಂಡಂತೆಯೂ ಆಗುತ್ತದೆ.

ಇಂಥ ಕೊರತೆಗಳ ಮಾತು ಬಂದಾಗ, ಹುಟ್ಟಿನ ಪರಿಸ್ಥಿತಿ ಪೂರ್ವಕರ್ಮದ ಫಲವೆಂಬ ವಾದವೊಂದು ಈ ನೆಲದಲ್ಲಿ ಸುಲಭವಾಗಿ ತಲೆಯೆತ್ತುತ್ತದೆ. ಕರ್ಮಸಿದ್ಧಾಂತ ತನ್ನ ನೋವನ್ನು ತಾನು ಅರ್ಥಮಾಡಿಕೊಳ್ಳುವವನಿಗೆ ಒದಗುವ ವಿವರಣೆಯಾಗಬಹುದೇ ಹೊರತು, ಪಕ್ಕದವರ ಕೊರತೆಯನ್ನು ನೋಡಿಯೂ ಸುಮ್ಮನಿರುವವರಿಗೆ ಸಿಗುವ ಅನುಮತಿಯಾಗಲಾರದು. ಹುಟ್ಟನ್ನು ಯೋಗ್ಯತೆಯ ಅಳತೆಯಾಗಿ ಒಪ್ಪದ ಹನ್ನೆರಡನೆಯ ಶತಮಾನದ ಶರಣರು ದುಡಿಮೆಯ ಕಾಯಕದೊಡನೆ ಹಂಚಿಕೆಯ ದಾಸೋಹವನ್ನೂ ಇಟ್ಟಿದ್ದು ಇಲ್ಲಿ ಗಮನಾರ್ಹ. ಒಬ್ಬನ ಶ್ರಮಕ್ಕೆ ಬೆಲೆ ಬರಬೇಕಾದರೆ ಶ್ರಮಿಸುವ ಅವಕಾಶವನ್ನು ಸಮುದಾಯ ಒದಗಿಸಿರಬೇಕು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಾಲೆಗೆ ಆಟದ ಮೈದಾನ ಇರಬೇಕೆನ್ನುತ್ತದೆ. ಆರರಿಂದ ಎಂಟನೆಯ ತರಗತಿಯ ಮಕ್ಕಳ ಸಂಖ್ಯೆ ನೂರು ಮೀರಿದಲ್ಲಿ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕೆಂದೂ ಹೇಳುತ್ತದೆ. ಕ್ರೀಡಾಕೂಟಕ್ಕೆ ಮಕ್ಕಳು ನಿಜವಾಗಿ ಸಿದ್ಧರಾಗುವ ಒಂಬತ್ತು ಮತ್ತು ಹತ್ತನೆಯ ತರಗತಿಗಳು ಮಾತ್ರ ಆ ಕಾಯ್ದೆಯ ಹೊರಗೇ ಉಳಿದಿವೆ. ರಾಜ್ಯವು ಈ ಎರಡು ವರ್ಷಗಳಿಗೂ ಅದೇ ಹೊಣೆಯನ್ನು ತಾನಾಗಿ ಹೊರಬೇಕು. ಅಲ್ಲಿಯವರೆಗೆ ತಾಲ್ಲೂಕು ಕೂಟದ ಫಲಿತಾಂಶ ಪಟ್ಟಿಯ ಜೊತೆಯಲ್ಲೇ, ಯಾವ ಶಾಲೆಗೆ ಮೈದಾನವಿಲ್ಲ, ಯಾವ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಎಷ್ಟು ವರ್ಷಗಳಿಂದ ಖಾಲಿಯಿದೆ ಎಂಬ ಪಟ್ಟಿಯನ್ನೂ ಇಲಾಖೆ ಪ್ರಕಟಿಸಬೇಕು.