ಸ್ವಾರಸ್ಯಕ್ಕೆ ಮೂರು ಅಂಕ

ಕನ್ನಡ ಪರೀಕ್ಷೆ ಬರೆದವರಿಗೆಲ್ಲ ಆ ಪ್ರಶ್ನೆ ಗೊತ್ತು: ‘ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ.’ ಯಾವ ಪಾಠ, ಯಾರ ಕೃತಿ, ಯಾರು ಯಾರಿಗೆ ಹೇಳಿದರು ಎಂಬುದನ್ನು ಆಟಿಸಂ ಇರುವ ಎಷ್ಟೋ ಮಕ್ಕಳು ಅಕ್ಷರ ತಪ್ಪದೆ ಬರೆಯುತ್ತಾರೆ. ಸ್ವಾರಸ್ಯಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. ಯಾರಿಗೆ ಸ್ವಾರಸ್ಯ? ಏನು ಬರೆದರೆ ಸಾಕು? ಖಾಲಿ ಉಳಿದ ಜಾಗ ನೋಡಿ ದೊಡ್ಡವರು ತೀರ್ಪು ಕೊಟ್ಟುಬಿಡುತ್ತಾರೆ: ‘ಬಾಯಿಪಾಠ ಜೋರು, ಅರ್ಥ ಮಾತ್ರ ಆಗಿಲ್ಲ.’ ಈ ತೀರ್ಪು ನನ್ನನ್ನು ಬಹಳ ಕಾಡುತ್ತದೆ.

ನೀಲಗಿರಿಯ ಗೂಡಲೂರು–ಪಂದಲೂರು ಸೀಮೆಯ ದೇವಾಲದಲ್ಲಿ ಅಂಥದೊಂದು ಮಗು ಇದೆ ಎಂದುಕೊಳ್ಳಿ. ಮನೆಯಲ್ಲಿ ಕನ್ನಡ, ಅಂಗಡಿ ಬೀದಿಯಲ್ಲಿ ಮಲಯಾಳ, ಚಹಾ ತೋಟದಲ್ಲಿ ತಮಿಳು, ಶಾಲೆಯ ಪದ್ಯವೂ ತಮಿಳು. ತಮಿಳುನಾಡಿನಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲಿ ದೇವಾಲವೂ ಒಂದು. ಶೀಟಿನ ಮಾಡಿನ ಮೇಲೆ ಜುಲೈ ಮಳೆ ಬೀಳುವಾಗ ಉಳಿದ ಮಕ್ಕಳ ಕಿವಿ ಆ ಸದ್ದನ್ನು ಪಕ್ಕಕ್ಕೆ ಸರಿಸಿ ಮೇಷ್ಟ್ರ ದನಿಯನ್ನು ಆರಿಸಿಕೊಳ್ಳುತ್ತದೆ. ಈ ಮಗುವಿನ ಕಿವಿಗೆ ಎಷ್ಟೋ ಸಲ ಆ ಆಯ್ಕೆಯೇ ಇರುವುದಿಲ್ಲ. ಮಳೆ, ಬೆಂಚಿನ ಕಿರುಗು, ನಲವತ್ತು ಬಾಯಿಗಳ ಸಾಮೂಹಿಕ ವಾಚನ ಎಲ್ಲವೂ ಒಂದೇ ಎತ್ತರದಲ್ಲಿ ಬಂದು ಬಡಿಯುತ್ತವೆ. ಪದ್ಯ ಕಷ್ಟವೋ ಸುಲಭವೋ ಎಂಬ ಮಾತು ಆಮೇಲಿನದು.

ಪದ್ಯ ಕಿವಿಗೆ ತಲುಪಿತು ಎಂದೇ ಇಟ್ಟುಕೊಳ್ಳೋಣ. ಚಂದ್ರ ನಕ್ಕ ಎಂದರೆ ಮಗು ‘ಚಂದ್ರನಿಗೆ ಬಾಯಿ ಇಲ್ಲ’ ಎನ್ನುತ್ತದೆ. ತರಗತಿ ನಗುತ್ತದೆ. ನಮ್ಮ ಅಲಂಕಾರಶಾಸ್ತ್ರ ಇಲ್ಲಿ ನಗುವುದಿಲ್ಲ. ‘ಗಂಗೆಯ ಮೇಲೆ ಗೊಲ್ಲರ ಹಟ್ಟಿ’ ಎಂಬ ಹಳೆಯ ಉದಾಹರಣೆಯನ್ನು ಅದು ಎತ್ತಿಕೊಳ್ಳುವುದೇ, ಹರಿಯುವ ನೀರಿನ ಮೇಲೆ ಹಟ್ಟಿ ನಿಲ್ಲುವುದು ಹೇಗೆ ಎಂದು ಕೇಳಲಿಕ್ಕೆ. ಹನ್ನೊಂದನೆಯ ಶತಮಾನದ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಲಕ್ಷಣೆಗೆ (ಪದ ನೇರ ಅರ್ಥ ಬಿಟ್ಟು ಬೇರೆ ಅರ್ಥ ಕೊಡುವುದಕ್ಕೆ) ಹೇಳುವ ಮೊದಲ ಷರತ್ತು ಮುಖ್ಯಾರ್ಥಬಾಧೆ: ನೇರ ಅರ್ಥ ಮುಗ್ಗರಿಸಬೇಕು. ಆಮೇಲೆ ಅದಕ್ಕೆ ಹತ್ತಿರದ ಅರ್ಥ ಸಿಗಬೇಕು, ಅಂದರೆ ಗಂಗೆಯ ದಡ. ಹಾಗೆ ಹೇಳಲು ರೂಢಿಯೋ ಪ್ರಯೋಜನವೋ ಇರಬೇಕು, ಅಂದರೆ ಆ ಹಟ್ಟಿಯ ತಂಪು, ಪಾವನತೆ. ಚಂದ್ರನ ಬಾಯಿ ಹುಡುಕುವ ಮಗು ಮೊದಲ ಮೆಟ್ಟಿಲ ಮೇಲೆ ಪ್ರಾಮಾಣಿಕವಾಗಿ ನಿಂತಿದೆ. ನಾವು ಮೂರನ್ನೂ ಒಂದೇ ನೆಗೆತಕ್ಕೆ ದಾಟಿದವರು, ಹಾಗಾಗಿ ಮೆಟ್ಟಿಲುಗಳಿದ್ದವೆಂಬುದೇ ನಮಗೆ ಮರೆತಿದೆ. ಎರಡನೆಯದನ್ನೂ ಮೂರನೆಯದನ್ನೂ ಬಾಯಿಬಿಟ್ಟು ತೋರಿಸಬೇಕಾದದ್ದು ಕಲಿಸುವವರ ಕೆಲಸ.

ಪಾತ್ರದ ಮನಸ್ಸನ್ನು ಊಹಿಸುವ ಪ್ರಶ್ನೆಗಳ ತೊಡಕು ಇನ್ನೂ ಆಳದ್ದು. 1985ರಲ್ಲಿ ಬ್ಯಾರನ್-ಕೋಹೆನ್, ಲೆಸ್ಲಿ, ಫ್ರಿತ್ ನಡೆಸಿದ ಪ್ರಯೋಗದಲ್ಲಿ ಒಂದು ಗೊಂಬೆ ಇಲ್ಲದಾಗ ಇನ್ನೊಂದು ಗೊಂಬೆ ಅದರ ಗೋಲಿಯನ್ನು ಬೇರೆಡೆ ಇಡುತ್ತದೆ. ಮೊದಲನೆಯದು ಮರಳಿ ಬಂದು ಎಲ್ಲಿ ಹುಡುಕೀತು? ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಂದಿಯ ಉತ್ತರ ತಪ್ಪಾಯಿತು. ಇವರಿಗೆ ಪರರ ಮನಸ್ಸು ಕಾಣದು ಎಂಬ ಮಾತು ಲೋಕಕ್ಕೆಲ್ಲ ಹಬ್ಬಿತು. ಸರಿಯಾಗಿ ಹೇಳಿದ ನಾಲ್ವರನ್ನು ನೆನೆದವರು ಕಡಿಮೆ. 2012ರಲ್ಲಿ, ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್, ಈ ಅರಿಯದಿರುವಿಕೆ ಎರಡೂ ಕಡೆಯದು ಎಂದರು. ನಿಜವಲ್ಲವೇ? ಪದ್ಯದಲ್ಲಿನ ವಿರಹಿಣಿಯ ಮನಸ್ಸನ್ನು ಅರಿತ ನಾವು, ಎದುರಿಗೆ ಕಿವಿ ಮುಚ್ಚಿ ಕೂತ ಮಗುವಿನ ಮನಸ್ಸನ್ನು ಓದಲಾರೆವು. ಅಂಕ ಕಳೆದುಕೊಳ್ಳುವುದು ಮಗು ಮಾತ್ರ.

ಮೈಸೂರು, ಬೆಂಗಳೂರುಗಳಲ್ಲಿ ಬಾಲ್ಯ ಕಳೆದ, ಆಟಿಸಂ ಇರುವ ಲೇಖಕ ಟಿಟೊ ರಾಜರ್ಷಿ ಮುಖೋಪಾಧ್ಯಾಯರಿಗೆ ಮಾತು ಬಲು ಕಷ್ಟ. ಅವರ ಮೊದಲ ಪುಸ್ತಕ 2000ದಲ್ಲಿ ಬ್ರಿಟನ್ನಿನಲ್ಲಿ ಅಚ್ಚಾಯಿತು. ಮುಂದೆ ಅಮೆರಿಕದ ಪ್ರಾಧ್ಯಾಪಕ ರಾಲ್ಫ್ ಸವರೀಸ್ ಜೊತೆ ಅವರು ಸ್ಕೈಪ್‌ನಲ್ಲಿ ‘ಮೋಬಿ ಡಿಕ್’ ಓದಿದರು. 2018ರ ‘ಸೀ ಇಟ್ ಫೀಲಿಂಗ್ಲಿ’ಯಲ್ಲಿ ಸವರೀಸ್ ಅದನ್ನು ಬರೆದಿದ್ದಾರೆ. ತಾಯಿ ಸೋಮಾ ರೂಪಿಸಿದ ಕಲಿಕೆಯ ವಿಧಾನದ ಬಗ್ಗೆ ತಜ್ಞರಲ್ಲಿ ತೀವ್ರ ಭಿನ್ನಮತವಿದೆ, ಅದನ್ನು ಮರೆಮಾಚಬಾರದು. ಆದರೆ ಆ ಓದು ಅವಸರವಿಲ್ಲದೆ, ಒಬ್ಬರಿಗೊಬ್ಬರು ಸಮನಾಗಿ ಕೂತು ನಡೆದದ್ದು. ನಮ್ಮ ತರಗತಿಗಳಲ್ಲಿ ಇಲ್ಲದಿರುವುದು ಅದೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ಮಕ್ಕಳಿಗಾಗಿ ಪಠ್ಯ ಮತ್ತು ಪರೀಕ್ಷೆಗಳನ್ನು ಮಾರ್ಪಡಿಸಬೇಕೆನ್ನುತ್ತದೆ: ಹೆಚ್ಚಿನ ಸಮಯ, ಬರೆಯಲು ಸಹಾಯಕರು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ. ಬೇಕಾದವರಿಗೆ ಈ ವಿನಾಯಿತಿ ಸಿಗಲೇಬೇಕು. ಕೇಳದೆಯೇ ಕೊಟ್ಟಾಗ ಮಾತ್ರ ನನಗೆ ಸಂಕಟವಾಗುತ್ತದೆ. ದೇವಾಲದಂಥ ಊರಿನ ಮಗುವಿನಿಂದ ಒಂದು ಭಾಷೆ ಕಳೆದರೆ ಅದರ ಕತೆಗಳೂ ಹೋಗುತ್ತವೆ. ಶಾಲೆಗೆ ತಲೆನೋವು ತಪ್ಪುತ್ತದೆ, ನಿಜ.

ಪದ್ಯವನ್ನು ಹಿಂದಿನ ದಿನವೇ ಕೈಗೆ ಕೊಡಿ. ಸಾಮೂಹಿಕ ವಾಚನದ ಹೊತ್ತಿಗೆ ಸದ್ದು ಕಡಿಮೆಯಿರುವ ಕಡೆ ಕೂರಲು ಬಿಡಿ. ಸ್ವಾರಸ್ಯದ ಪ್ರಶ್ನೆಯನ್ನು ಬಿಡಿಸಿ ಕೇಳಿ: ಈ ಮಾತಿನ ನೇರ ಅರ್ಥವೇನು, ಇಲ್ಲಿ ಅದು ಎಲ್ಲಿ ಹೊಂದುವುದಿಲ್ಲ, ಹಾಗಿದ್ದೂ ಕವಿ ಯಾಕೆ ಹಾಗೆಂದ? ಪ್ರತಿ ಪ್ರಶ್ನೆಗೂ ಒಂದೊಂದು ಅಂಕ. ಮಗು ನಾವು ಎಣಿಸದ ಬೇರೇನನ್ನೋ ಆ ಸಾಲಿನಲ್ಲಿ ಕಂಡು ಬರೆದಿದ್ದರೆ ಅದಕ್ಕೂ ಅಂಕ ಕೊಡಬಹುದೆಂದು ಮೌಲ್ಯಮಾಪಕರ ಕೈಗೆ ಹೋಗುವ ಉತ್ತರಸೂಚಿಯಲ್ಲೇ ಅಚ್ಚು ಹಾಕಿಸಬೇಕು.