ಜಗಲಿಯಲ್ಲಿ ಕೂತವರು

ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಗ್ರಂಥಾಲಯದಲ್ಲಿ ಒಂದು ವಾರ ಓದಿ, ಕೊನೆಯ ಎರಡು ರಾತ್ರಿ ಹೆರಿಟೇಜ್ ಹೋಟೆಲೊಂದರಲ್ಲಿ ಉಳಿದೆ. ಫೆಲೋಶಿಪ್ ಹಣಕ್ಕೆ ಅದು ದುಂದೇ. ಆದರೂ ಆಸೆ.

ಹಳೆಯ ಪಾಂಡಿಚೇರಿಯನ್ನು ಕಾಲುವೆಯೊಂದು ಸೀಳುತ್ತದೆ. ಕಡಲ ಕಡೆ ಫ್ರೆಂಚರ ಮನೆಗಳು: ಎತ್ತರದ ಗೋಡೆ, ಭಾರಿ ಗೇಟು. ಪಶ್ಚಿಮಕ್ಕೆ ತಮಿಳರ ಮನೆಗಳು: ಬೀದಿಗೇ ತೆರೆದ ತಿಣ್ಣೈ, ಅಂದರೆ ನಮ್ಮ ಜಗಲಿ; ಅದರ ಮುಂದೆ ಮರದ ಕಂಬಗಳ ಮೇಲೆ ಇಳಿಜಾರು ಮಾಡು. ದಾರಿಹೋಕರು ಕೇಳದೆ ಕೂರುವ ಜಾಗ. (ಎಲ್ಲ ದಾರಿಹೋಕರೂ ಅಲ್ಲ. ಜಾತಿ ಕೇಳದ ಜಗಲಿ ನಮ್ಮಲ್ಲೂ ಎಷ್ಟಿತ್ತು?)

ನನ್ನ ಹೋಟೆಲು ಅಂಥದೊಂದು ತಮಿಳು ಮನೆ. ಎರಡನೆಯ ಮಧ್ಯಾಹ್ನ ಹೂ ಮಾರುವ ಅಜ್ಜಿಯೊಬ್ಬರು ಬುಟ್ಟಿ ಇಳಿಸಿ ಜಗಲಿಯ ನೆರಳಲ್ಲಿ ಕೂತಿದ್ದರು. ನಾನು ಹೊರಬಂದದ್ದೇ ತಡ, ವಾಚ್‌ಮನ್ ಮೆತ್ತಗೆ, “ಎಳುಂದಿರುಂಗ ಪಾಟ್ಟಿ, ಗೆಸ್ಟ್ ವರ್ರಾಂಗ” ಎಂದ. ಏಳಿ ಅಜ್ಜಿ, ಅತಿಥಿ ಬರ್ತಿದ್ದಾರೆ. ಅಷ್ಟು ತಮಿಳು ನನಗೆ ತಿಳಿಯುತ್ತದೆ. “ಇರಲಿ ಬಿಡಿ” ಎನ್ನುವಷ್ಟು ಸಮಯವೂ ಇತ್ತು. ಮೊಬೈಲ್ ನೋಡುತ್ತಾ ಮೆಟ್ಟಿಲಿಳಿದೆ.

ತಿಥಿ ಗೊತ್ತುಮಾಡದೆ ಬರುವವರು ಅತಿಥಿ ಎಂಬುದು ಹಳೆಯ ವಿವರಣೆ. ನಾನೋ ಮೂರು ವಾರ ಮೊದಲೇ ಮುಂಗಡ ಕಟ್ಟಿ ಬಂದವಳು. ಆ ಲೆಕ್ಕದಲ್ಲಿ ಅವತ್ತಿನ ಅತಿಥಿ ಯಾರು?

ವಾಚ್‌ಮನ್ನನ ಮೇಲೆ ತಪ್ಪು ಹೊರಿಸುವುದು ಸುಲಭ, ಅನ್ಯಾಯ ಕೂಡ. ಮಾಲೀಕರ ವಾದವನ್ನೂ ತಳ್ಳಿಹಾಕಲಾರೆ. ಇಂಥ ಮನೆಗಳನ್ನು ಒಡೆದು ಕಾಂಕ್ರೀಟ್ ಕಟ್ಟಡ ಎಬ್ಬಿಸಿದ ಊರದು. ವೈಶ್ಯಾಳ್ ಬೀದಿಯ ಮುಂಭಾಗಗಳನ್ನು ದುರಸ್ತಿ ಮಾಡಲು ಇನ್‌ಟ್ಯಾಕ್‌ಗೆ ಯುರೋಪಿಯನ್ ಒಕ್ಕೂಟದ ಹಣ ಬೇಕಾಯಿತು. ಮಿಕ್ಕ ಮನೆಗಳ ಮಾಡು ಸೋರದಂತೆ ನೋಡಿಕೊಳ್ಳಲು ನನ್ನಂಥವರ ಬಾಡಿಗೆಯೇ ಗತಿ. ಒಪ್ಪಿದೆ. ಆದರೆ ಈ ವಾದ ಕಂಬಕ್ಕೆ, ಗಾರೆಗೆ ಸಲ್ಲುತ್ತದೆ. ಅಪರಿಚಿತರು ಬಂದು ಕೂರುವ ರೂಢಿಯನ್ನು ಯಾವ ದುರಸ್ತಿಯ ಲೆಕ್ಕದಲ್ಲಿ ಬರೆಯುವುದು?

ಅಜ್ಜಿಯನ್ನು ಎಬ್ಬಿಸಿ ಎಂದು ನಾನು ಹೇಳಿರಲಿಲ್ಲ, ನಿಜ. ಆದರೆ ಹೋಟೆಲುಗಳ ಫೋಟೋ ನೋಡುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಜಗಲಿ. ಅದರಲ್ಲಿ ಯಾರೂ ಕೂತಿರಲಿಲ್ಲ. ಎಷ್ಟು ಪ್ರಶಾಂತ ಅನ್ನಿಸಿತ್ತು. ದುಡ್ಡು ಕೊಟ್ಟದ್ದು ಆ ಖಾಲಿತನಕ್ಕೇ ಇರಬೇಕು.

ಸಂಜೆ ಮರಳುವಾಗ ಅಜ್ಜಿ ಎದುರಿನ ಅಂಗಡಿಯ ಮೆಟ್ಟಿಲ ಮೇಲಿದ್ದರು. ಎರಡು ಮೊಳ ಮಲ್ಲಿಗೆ ಕೊಂಡೆ. ಕೈಯಳತೆ ಹಾಕುತ್ತಲೇ ಹೋಟೆಲಿನ ಕಡೆ ಗಲ್ಲ ತೋರಿಸಿ, ಒಳಗೆ ಹೇಗಿದೆ ಎಂದು ಕೇಳಿದರು.

ತಂಪಾಗಿದೆ ಎಂದೆ.